ಕೋವಿಗೊಂದು ಮೇಜು, ಕೋವಿಗೊಂದು ಬೀಗ

ನಮ್ಮ ಮನೆಯ ಗರಾಜಿನೊಳಗೆ ಕಾರು ಹೊಕ್ಕು ಮೂರು ವರ್ಷಗಳಾದವು. ಅದರ ಜಾಗದಲ್ಲಿ ಈಗ ಒಂದು ಮೇಜಿದೆ. ಆರಡಿ ಉದ್ದ, ಎರಡಡಿ ಅಗಲ. ಮೇಲೆ ಬೀಚ್ ಮರದ ದಪ್ಪ ಹಲಗೆ, ಒಂದು ತುದಿಯಲ್ಲಿ ದವಡೆಗಳಿಗೆ ಚರ್ಮ ಹೊದಿಸಿದ ವೈಸ್, ನೆತ್ತಿಯ ಮೇಲೊಂದು ಬಿಳಿಯ ದೀಪ. ಊರಿನಿಂದ ಬಂದ ನೆಂಟರಿಗೆ ಮನೆ ತೋರಿಸುವಾಗ ನನ್ನ ಹೆಂಡತಿ ಈ ಬಾಗಿಲಿನ ಮುಂದೆ ನಿಂತು, "ಇದು ಡಾಕ್ಟರ ದೇವರ ಕೋಣೆ" ಎಂದು ಹೇಳಿ ಮುಂದೆ ಸಾಗುತ್ತಾಳೆ. ಒಳಗೆ ಇಣುಕಿದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಜೀವ ಉಳಿಸುವ ವೈದ್ಯನಿಗೆ ಕೋವಿಯ ಗೊಡವೆ ಏಕೆ?

ನಾನು ಕೊಡಗಿನವನು. ಇದನ್ನು ಹೇಳಿದರೆ ಕನ್ನಡಿಗರಿಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧವನ್ನು ಹೇಳುವುದು ಕಷ್ಟ. ಕಳೆದ ವರ್ಷದವರೆಗೆ ಅದು ನನಗೇ ತಿಳಿದಿರಲಿಲ್ಲ.

ವಿರಾಜಪೇಟೆಯ ಬಳಿಯ ನಮ್ಮ ಐನ್‌ಮನೆಯಲ್ಲಿ ಕೋವಿಗಳಿಗಾಗಿ ಪ್ರತ್ಯೇಕ ಮೇಜು ಇರಲಿಲ್ಲ. ಜಗಲಿಯ ಕಂಬಗಳ ನಡುವೆ ಕೂರಿಸಿದ ಅಗಲವಾದ ಮರದ ಹಲಗೆಗೆ ನಾವು ಐಮರ ಎನ್ನುತ್ತೇವೆ. ಅದು ಹಿರಿಯರು ಕೂರುವ ಜಾಗ, ನೆಂಟರಿಗೆ ಕಾಫಿ ಕೊಡುವ ಜಾಗ, ಮಳೆಗಾಲದಲ್ಲಿ ಕೋವಿ ಒರೆಸುವ ಜಾಗವೂ ಹೌದು. ಅಪ್ಪಯ್ಯ ಹಳೆಯ ಪಂಚೆಯೊಂದನ್ನು ಐಮರದ ಮೇಲೆ ಹಾಸಿ, ಜೋಡಿ ನಳಿಗೆಯ ಕೋವಿಯನ್ನು ಮಡಚಿ, ನಳಿಗೆಯನ್ನು ಕಳಚಿ ಬೆಳಕಿಗೆ ಹಿಡಿಯುತ್ತಿದ್ದರು. ಜೂನ್ ತಿಂಗಳಿನಿಂದ ಮೂರು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ರಾತ್ರಿ ಸಾಕು. ಹೊಲಿಗೆ ಯಂತ್ರದ ಎಣ್ಣೆ, ಬಟ್ಟೆಯ ಚೂರು, ಉದ್ದನೆಯ ಕೋಲು, ಇಷ್ಟೇ ಸಲಕರಣೆ. ಒರೆಸಿ ಮುಗಿದ ಮೇಲೆ ಕೋವಿ ಗೋಡೆಯ ಗೂಟಕ್ಕೆ ಹೋಗುತ್ತಿತ್ತು. ಬೀಗವೆಂಬುದು ಭತ್ತದ ಕಣಜಕ್ಕಿತ್ತು, ಅಪ್ಪಯ್ಯನ ಟ್ರಂಕಿಗಿತ್ತು, ಕೋವಿಗಿರಲಿಲ್ಲ.

ಇರಬೇಕೆಂದು ಯಾರೂ ಕೇಳಿರಲೂ ಇಲ್ಲ. 1857ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ದೇಶದ ಜನರಿಂದ ಆಯುಧಗಳನ್ನು ಕಸಿಯುವ ಕಾನೂನು ತಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟ. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ ಕೆಳಗೂ ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಭೂಮಿ ಉಳ್ಳವರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಪುತ್ತರಿಯಂದು ಗದ್ದೆಯಲ್ಲಿ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದಿರಬೇಕು. ನನ್ನ ಹುಟ್ಟನ್ನು ಊರಿಗೆ ತಿಳಿಸಿದ್ದು ಅಪ್ಪಯ್ಯನ ಆ ಜೋಡಿ ನಳಿಗೆಯೇ.

ಇಂಥ ಮನೆಯಿಂದ ಬಂದವನಿಗೆ ಇಂಗ್ಲೆಂಡಿನ ಕೋವಿ ಕಾನೂನು ಮೊದಮೊದಲು ಅವಮಾನದಂತೆಯೇ ಕಂಡಿತು. ಮೈಸೂರಿನಲ್ಲಿ ಎಂಬಿಬಿಎಸ್, ಆಮೇಲೆ ಎಂಡಿ ಮುಗಿಸಿ ಇಲ್ಲಿಗೆ ಬಂದು, ಮತ್ತೆ ಪರೀಕ್ಷೆಗಳನ್ನು ಕಟ್ಟಿ ಕುಟುಂಬವೈದ್ಯನಾದ ಮೇಲೆ ಬಹಳ ವರ್ಷ ನಾನು ಕೋವಿಯ ಯೋಚನೆಯನ್ನೇ ಮಾಡಿರಲಿಲ್ಲ. ಅಕ್ಸ್‌ಬ್ರಿಡ್ಜ್ ಲಂಡನ್ ಮಹಾನಗರದ ಪಶ್ಚಿಮದ ಅಂಚು; ಎರಡು ಭೂಗತ ರೈಲು ಮಾರ್ಗಗಳು ಇಲ್ಲಿಗೆ ಬಂದು ಮುಗಿಯುತ್ತವೆ, ಹೊಳೆ ದಾಟಿದರೆ ಬಕಿಂಗ್‌ಹ್ಯಾಮ್‌ಶೈರಿನ ಹೊಲಗಳು ಆರಂಭ. ಪಕ್ಕದ ಮನೆಯವರು ವಿಮಾನದ ಎಂಜಿನುಗಳನ್ನು ರಿಪೇರಿ ಮಾಡಿ ನಿವೃತ್ತರಾದ ಇಂಗ್ಲಿಷ್ ಹಿರಿಯರು. ಒಂದು ಭಾನುವಾರ ಅವರು ನನ್ನನ್ನು ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಮೈದಾನಕ್ಕೆ ಕರೆದೊಯ್ದರು. ಯಂತ್ರವೊಂದು ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ, ನೀವು ಹೊಡೆಯಬೇಕು. ಮೊದಲ ಈಡಿಗೇ ಬಿಲ್ಲೆ ಪುಡಿಯಾದಾಗ ಅವರು, "ಇದನ್ನು ಎಲ್ಲಿ ಕಲಿತಿರಿ?" ಎಂದರು. ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಹೊಡೆದ ಅಭ್ಯಾಸ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಅರ್ಜಿ ಹಾಕಿದ್ದು 2022ರಲ್ಲಿ. ಇಲ್ಲಿ ಚರೆ ಕೋವಿಗೆ ಒಂದು ಪ್ರಮಾಣಪತ್ರ, ರೈಫಲ್ಲಿಗೆ ಇನ್ನೊಂದು; ಎರಡೂ 1968ರ ಕಾಯ್ದೆಯ ಕೆಳಗೆ, ಎರಡೂ ಐದು ವರ್ಷಕ್ಕೆ. ಲಂಡನ್ನಿನಲ್ಲಿ ಕೊಡುವವರು ಮೆಟ್ರೊಪಾಲಿಟನ್ ಪೊಲೀಸರು. ಪಿಸ್ತೂಲಿನ ಮಾತೇ ಇಲ್ಲ: 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬಾತ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ ಮೇಲೆ ಅವನ್ನು ಜನಸಾಮಾನ್ಯರ ಕೈಯಿಂದ ತೆಗೆದುಬಿಟ್ಟರು. 2021ರ ಆಗಸ್ಟಿನಲ್ಲಿ ಪ್ಲಿಮತ್ ನಗರದಲ್ಲಿ ಪ್ರಮಾಣಪತ್ರವಿದ್ದ ಯುವಕನೊಬ್ಬ ಐವರನ್ನು ಕೊಂದು ತಾನೂ ಸತ್ತ. ಅದೇ ವರ್ಷದ ನವೆಂಬರಿನಿಂದ, ವೈದ್ಯರ ಮಾಹಿತಿಯಿಲ್ಲದೆ ಯಾರಿಗೂ ಪ್ರಮಾಣಪತ್ರ ಕೊಡಬಾರದೆಂಬ ನಿಯಮ ಜಾರಿಗೆ ಬಂದಿತು.

ಆ ವೈದ್ಯರ ಮಾಹಿತಿಯ ಹಾಳೆಗಳನ್ನು ತುಂಬುವವರಲ್ಲಿ ನಾನೂ ಒಬ್ಬ. ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆ, ಮನೋವಿಕಾರ, ಮರೆವಿನ ಕಾಯಿಲೆ, ಮೂರ್ಛೆರೋಗ, ಮದ್ಯ ಅಥವಾ ಮಾದಕವಸ್ತುವಿನ ಚಟ. ಈ ಅರ್ಜಿದಾರನಿಗೆ ಇವುಗಳಲ್ಲಿ ಯಾವುದಾದರೂ ಇದೆಯೇ, ಇತ್ತೇ? ದಾಖಲೆ ನೋಡಿ ಇದ್ದದ್ದನ್ನು ಬರೆಯುವುದು ನಮ್ಮ ಕೆಲಸ, ತೀರ್ಮಾನ ಪೊಲೀಸರದು. ಕೋವಿ ಇರುವ ರೋಗಿಯ ದಾಖಲೆಯಲ್ಲಿ ಒಂದು ಗುರುತು ಕೂರುತ್ತದೆ. ಆತ ಮುಂದೆ ಎಂದಾದರೂ ಮನಸ್ಸು ಕುಸಿದು ನಮ್ಮೆದುರು ಕುಳಿತಾಗ ಕಂಪ್ಯೂಟರಿನ ಪರದೆ ಅದನ್ನು ನೆನಪಿಸುತ್ತದೆ.

ನನ್ನ ಹಾಳೆಯನ್ನು ನಾನೇ ತುಂಬುವಂತಿಲ್ಲವಷ್ಟೆ. ನನ್ನ ವೈದ್ಯರು ಬರೆದರು: 2019ರಲ್ಲಿ ತಾಯಿ ತೀರಿಕೊಂಡ ಮೇಲೆ ಆರು ತಿಂಗಳು ಖಿನ್ನತೆಗೆ ಔಷಧ, ಈಗ ಗುಣ. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಎಷ್ಟೋ ಯುವಕರು, ವೈದ್ಯರೂ ಸೇರಿ, ಮನಸ್ಸಿನ ಕಾಯಿಲೆ ದಾಖಲೆಗೆ ಬಂದರೆ ಎಲ್ಲ ಬಾಗಿಲೂ ಮುಚ್ಚುತ್ತದೆಂದು ಹೆದರಿ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ಕೋವಿಯ ವಿಷಯದಲ್ಲಿಯೂ, ಖಿನ್ನತೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಅನರ್ಹರಾಗುವುದಿಲ್ಲವೆಂದೇ ನಿಯಮ ಹೇಳುತ್ತದೆ. ಮುಚ್ಚಿಟ್ಟದ್ದು ಹೊರಬಿದ್ದರೆ ಕಷ್ಟ. ನನಗೆ ಕೆಲವು ತಿಂಗಳು ತಡವಾಯಿತು, ಅಷ್ಟೆ.

ಆಮೇಲೆ ಪೊಲೀಸ್ ಇಲಾಖೆಯ ವಿಚಾರಣಾಧಿಕಾರಿ ಮನೆಗೆ ಬಂದರು. ಚಹಾ ಕುಡಿದರು. ಉಕ್ಕಿನ ಕಪಾಟನ್ನು ಇಟ್ಟಿಗೆಯ ಗೋಡೆಗೆ ಬೋಲ್ಟಿನಿಂದ ಬಿಗಿದಿದೆಯೇ ಎಂದು ಅಲುಗಾಡಿಸಿ ನೋಡಿದರು. ಬೀಗದ ಕೈ ಎಲ್ಲಿರುತ್ತದೆಂದು ಹೆಂಡತಿಗೆ ಗೊತ್ತೇ ಎಂದು ಕೇಳಿದರು. "ಗೊತ್ತಿಲ್ಲ" ಎಂದು ಅವಳು ಹೇಳಿದಾಗ ಅವರಿಗೆ ಸಂತೋಷ, ಅವಳಿಗೆ ಸಿಟ್ಟು. ಪ್ರಮಾಣಪತ್ರ ಇಲ್ಲದವರ ಕೈಗೆ, ಅದು ಹೆಂಡತಿಯೇ ಆಗಲಿ, ಕೋವಿ ಸಿಗುವಂತಿರಬಾರದು. ಕಪಾಟು ಮನೆಯಲ್ಲಿ ಎಲ್ಲಿದೆ ಎಂಬುದನ್ನು ಇಲ್ಲಿ ಬರೆಯದೆ ಬಿಡುತ್ತಿರುವುದೂ ಅದೇ ಶಿಸ್ತಿನಿಂದ.

ಮೇಜನ್ನು ಕಟ್ಟಿಸಿದವರು ನೆರೆಯ ಹಿರಿಯರು. "ಗೋಡೆಗೆ ಚೆಂದದ ಸ್ಟ್ಯಾಂಡು ಮಾಡಿ ಕೋವಿಯನ್ನು ನಿಲ್ಲಿಸೋಣವೇ?" ಎಂದು ನಾನು ಕೇಳಿದ್ದೆ, ಮನಸ್ಸಿನಲ್ಲಿದ್ದದ್ದು ನಮ್ಮ ಐನ್‌ಮನೆಯ ಗೂಟ. ಅವರು ತಲೆಯಾಡಿಸಿದರು. "ಸ್ಟ್ಯಾಂಡು ಇರಬೇಕಾದ್ದು ಕಪಾಟಿನೊಳಗೆ. ಮೇಜಿನ ಮೇಲೆ ಕೆಲಸ ಇದ್ದಷ್ಟು ಹೊತ್ತು ಮಾತ್ರ ಕೋವಿ." ಮೇಜಿನ ಎತ್ತರಕ್ಕೆ ನನ್ನನ್ನು ನೆಟ್ಟಗೆ ನಿಲ್ಲಿಸಿ ಮೊಣಕೈಯಿಂದ ಅಳತೆ ತೆಗೆದುಕೊಂಡರು, ಬಗ್ಗಿ ಕೆಲಸ ಮಾಡುವ ಮೇಜು ವಾರದಲ್ಲಿ ಬೆನ್ನು ಹಿಡಿಸುತ್ತದೆ. ಹಲಗೆ ಭಾರವಾಗಿರಬೇಕು, ವೈಸ್ ಬಿಗಿದಾಗ ಮೇಜು ಕದಲಬಾರದು. ಕೋವಿಯನ್ನು ಮಲಗಿಸಲು ಉಣ್ಣೆಯ ಬಟ್ಟೆ ಸುತ್ತಿದ ಎರಡು ಮರದ ಕವೆಗಳು. ಮೇಜಿನ ಅಂಚಿಗೆ ಸುತ್ತಲೂ ಸಣ್ಣ ಪಟ್ಟಿ, ಕಳಚಿದ ತಿರುಪು ಉರುಳಿ ನೆಲಕ್ಕೆ ಬೀಳದಿರಲು. ತಿರುಪುಳಿಯ ವಿಷಯದಲ್ಲಿ ಅವರು ಅರ್ಧ ಗಂಟೆ ಪಾಠ ಮಾಡಿದರು: ಪೇಟೆಯ ಸಾಮಾನ್ಯ ತಿರುಪುಳಿಯ ತುದಿ ಓರೆ, ಅದು ಹಳೆಯ ಕೋವಿಯ ಸಣ್ಣ ತಿರುಪಿನ ಬಾಯಿಯನ್ನು ಕಿತ್ತುಹಾಕುತ್ತದೆ. ಪ್ರತಿ ತಿರುಪಿಗೂ ಸರಿಹೊಂದುವಂತೆ ತುದಿಯನ್ನು ಉಜ್ಜಿ ತಿದ್ದಿದ ತಿರುಪುಳಿ ಬೇಕು. ಶಸ್ತ್ರಚಿಕಿತ್ಸಕರಿಗೆ ಈ ಮಾತು ತಟ್ಟನೆ ಅರ್ಥವಾದೀತು. ನನ್ನಂಥ ಮಾತ್ರೆ ಬರೆಯುವ ವೈದ್ಯನಿಗೆ ಕೊಂಚ ತಡವಾಗಿ.

ಕ್ರಮ ಹೀಗಿದೆ. ಕೋವಿಯನ್ನು ಕಪಾಟಿನಿಂದ ತೆಗೆದ ಕೂಡಲೇ ಮಡಚಿ ಎರಡೂ ನಳಿಗೆಯೊಳಗೆ ಕಣ್ಣು ಹಾಯಿಸಬೇಕು; ಹಿಂದಿನ ಸಲ ಇಟ್ಟವನು ನೀವೇ ಆಗಿದ್ದರೂ. ತೋಟಾ ಆ ಕೋಣೆಯಲ್ಲಿಯೇ ಇರಕೂಡದು. ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ, ತೋಟಾ ತುಂಬುವ ಕಡೆಯಿಂದ ಮೂತಿಯ ಕಡೆಗೆ ಕಂಚಿನ ಕುಂಚ, ಆಮೇಲೆ ಬಟ್ಟೆ, ಕೊನೆಗೆ ತೆಳುವಾಗಿ ಎಣ್ಣೆ. ತೆಳುವಾಗಿ ಎಂಬುದೇ ಮುಖ್ಯ. ಧಾರಾಳವಾಗಿ ಸುರಿದರೆ ಕೋವಿಯನ್ನು ನಿಲ್ಲಿಸಿದಾಗ ಎಣ್ಣೆ ಕೆಳಗಿಳಿದು ಹಿಡಿಯ ಮರಕ್ಕೆ ಸೇರುತ್ತದೆ, ವರ್ಷಗಳಲ್ಲಿ ಮರ ಮೆತ್ತಗಾಗುತ್ತದೆ. ಅಪ್ಪಯ್ಯನ ಕೋವಿಯ ಹಿಡಿ ನಳಿಗೆಯನ್ನು ಸೇರುವಲ್ಲಿ ಏಕೆ ಕಪ್ಪಾಗಿತ್ತೆಂದು ನನಗೆ ತಿಳಿದದ್ದು ಅಕ್ಸ್‌ಬ್ರಿಡ್ಜಿನ ಗರಾಜಿನಲ್ಲಿ. ಮರಕ್ಕೆ ಅಗಸೆಎಣ್ಣೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಬೇಕು. ಎಲ್ಲ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು, ಏಕೆಂದರೆ ನಳಿಗೆಯ ಮಸಿಯಲ್ಲಿ ಸೀಸವಿರುತ್ತದೆ.

ಇಷ್ಟು ವಿವರವಾಗಿ ಕಲಿತವನು ಊರಿನ ಗೂಟದ ಬಗ್ಗೆ ಯೋಚಿಸಲೇ ಇಲ್ಲವೇ ಎಂದು ನೀವು ಕೇಳಬಹುದು. ಯೋಚಿಸಲಿಲ್ಲ. ಇಲ್ಲಿಯ ನಿಯಮ ಇಲ್ಲಿಗೆ, ಅಲ್ಲಿಯ ಪದ್ಧತಿ ಅಲ್ಲಿಗೆ ಎಂದು ಮನಸ್ಸು ಎರಡು ಗೂಡುಗಳನ್ನು ಮಾಡಿಕೊಂಡಿತ್ತು. ಹೊರದೇಶದಲ್ಲಿರುವವರಿಗೆ ಈ ಗೂಡುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಕಳೆದ ವರ್ಷ ಜೂನ್ ತಿಂಗಳ ಒಂದು ಶನಿವಾರ ವಿಡಿಯೊ ಕರೆಯಲ್ಲಿ ತಮ್ಮನೊಡನೆ ಮಾತನಾಡುತ್ತಿದ್ದೆ. ಹಿಂದೆ ಮಳೆಯ ಸದ್ದು. ಫೋನನ್ನು ಅಪ್ಪಯ್ಯನ ಕಡೆಗೆ ತಿರುಗಿಸಿದ. ಅವರಿಗೆ 84. ಐಮರದ ಮೇಲೆ ಕುಳಿತಿದ್ದರು, ತೊಡೆಯ ಮೇಲೆ ಕೋವಿ, ಕೈಯಲ್ಲಿ ಬಟ್ಟೆ. ನನ್ನನ್ನು ನೋಡಿ ನಕ್ಕರು. "ನಿನ್ನ ಅವ್ವ ಸಂತೆಯಿಂದ ಇನ್ನೂ ಬಂದಿಲ್ಲ, ಮಳೆ ನೋಡು" ಎಂದರು. ಅವ್ವ ಹೋಗಿ ಆಗಲೇ ಐದು ವರ್ಷ.

ತಮ್ಮ ಫೋನನ್ನು ಒಳಗೆ ತೆಗೆದುಕೊಂಡು ಹೋದ. ಈಚೆಗೆ ಹೀಗೆ ಆಗುತ್ತಿದೆಯೆಂದ, ಸಂಜೆಯಾದರೆ ಹೆಚ್ಚು. ಕೇಳಿದ ಮೇಲೆ ಇನ್ನೊಂದನ್ನು ಹೇಳಿದ: ಹಿಂದಿನ ವಾರ ನಸುಕಿನಲ್ಲಿ ಹಾಲು ಕೊಡಲು ಬಂದ ತೋಟದ ಹುಡುಗನನ್ನು ಕಳ್ಳನೆಂದು ತಿಳಿದು ಅಪ್ಪಯ್ಯ ಕೋವಿ ಹಿಡಿದು ಅಂಗಳಕ್ಕೆ ಇಳಿದಿದ್ದರು.

"ತೋಟಾ ಇತ್ತೇ?" ಎಂದೆ.

"ನೋಡಲಿಲ್ಲ ಅಣ್ಣ. ನಾನು ಹೋಗಿ ಮಾತನಾಡಿಸಿದೆ, ಕೊಟ್ಟುಬಿಟ್ಟರು."

ಅದೇ ವಾರ ನನ್ನ ಮೇಜಿನ ಮೇಲೆ ಪೊಲೀಸರ ಒಂದು ಹಾಳೆ ಬಂದಿತ್ತು. ಪ್ರಶ್ನೆಗಳಲ್ಲಿ ಮರೆವಿನ ಕಾಯಿಲೆಯದೂ ಒಂದು. ಅದೇ ದಿನ ಉತ್ತರ ಬರೆದು ಕಳಿಸಿದ್ದೆ. ಬೇರೊಬ್ಬರ ತಂದೆಯ ವಿಷಯದಲ್ಲಿ ನನಗೆ ಒಂದು ಕ್ಷಣದ ಅನುಮಾನವೂ ಬಂದಿರಲಿಲ್ಲ.

ಆ ರಾತ್ರಿ ತಮ್ಮನೊಡನೆ ನಡೆದದ್ದು ಜಗಳವೇ. ಕೊಡವ ತಕ್ಕಿನಲ್ಲಿ ಆಡಿದ ಮಾತುಗಳನ್ನು ಕನ್ನಡಕ್ಕೆ ತಂದರೆ ಸ್ವಲ್ಪ ಮೆತ್ತಗಾಗುತ್ತವೆ. ಕೋವಿಯನ್ನು ಇವತ್ತೇ ಮನೆಯಿಂದ ಸಾಗಿಸು ಎಂದೆ. "ಅಪ್ಪಯ್ಯನಿಗೆ ಇನ್ನು ಉಳಿದಿರುವುದು ಅದೊಂದೇ. ಅವ್ವನ ಹೆಸರು ಮರೆತ ದಿನವೂ ನಳಿಗೆ ಕಳಚುವುದನ್ನು ಮರೆತಿಲ್ಲ. ಅದನ್ನೂ ಕಿತ್ತುಕೊಂಡು ಏನು ಮಾಡಲಿ? ನೀನು ಅಲ್ಲಿ ಕುಳಿತು ಕಾಗದಕ್ಕೆ ಸಹಿ ಹಾಕಿದಷ್ಟು ಸುಲಭವಲ್ಲ" ಎಂದ. ಅವನ ಮಾತಿನ ಅರ್ಧ ನಿಜ. ಮರೆವಿನ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ; ಕೈಗೆ ಒಗ್ಗಿದ ಕೆಲಸ ಬಹಳ ಕಾಲ ಉಳಿಯುತ್ತದೆ. ಆ ಉಳಿದದ್ದೇ ಇಲ್ಲಿ ಅಪಾಯ. ನಳಿಗೆ ಕಳಚಲು ಮರೆಯದ ಕೈ ತೋಟಾ ತುಂಬಲೂ ಮರೆಯುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ಭಯವೂ ನನಗಿತ್ತು, ಅದನ್ನು ತಮ್ಮನಿಗೆ ಮರುದಿನ ಹೇಳಿದೆ. ಒಂಟಿತನದಲ್ಲಿರುವ ವೃದ್ಧರಿಗೆ ಕೆಲವು ಗಳಿಗೆಗಳು ಬಹಳ ಕೆಟ್ಟವು. ಸಾಯಬೇಕೆಂಬ ಒತ್ತಡ ಎಷ್ಟೋ ಜನರಲ್ಲಿ ಬಂದು ಹೋಗುವಂಥದು. ಸಾಧನ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಈ ದೇಶದ ಮನೆಗಳಲ್ಲಿ ಹಿಂದೆ ಅಡುಗೆಗೆ ಕಲ್ಲಿದ್ದಲಿನ ಅನಿಲ ಬರುತ್ತಿತ್ತು, ಅದರಲ್ಲಿ ವಿಷ. 1960ರ ದಶಕದಿಂದ ವಿಷವಿಲ್ಲದ ಅನಿಲ ಬರತೊಡಗಿದಾಗ ಅದರಿಂದಾಗುತ್ತಿದ್ದ ಆತ್ಮಹತ್ಯೆಗಳು ನಿಂತವಲ್ಲದೆ ಒಟ್ಟು ಸಂಖ್ಯೆಯೂ ಇಳಿಯಿತು. ಶ್ರೀಲಂಕಾದಲ್ಲಿ ಅತಿವಿಷದ ಕೀಟನಾಶಕಗಳನ್ನು ನಿಷೇಧಿಸಿದಾಗಲೂ ಹಾಗೆಯೇ ಆಯಿತು. ಜನ ಬೇರೆ ದಾರಿ ಹುಡುಕಿಯೇ ಹುಡುಕುತ್ತಾರೆಂಬ ನಮ್ಮೂರಿನ ನಂಬಿಕೆ ತಪ್ಪು. ತಮ್ಮ ಬಹಳ ಹೊತ್ತು ಸುಮ್ಮನಿದ್ದು, "ತೋಟಾ ಈಗಲೇ ತೋಟದ ಮನೆಗೆ ಒಯ್ಯುತ್ತೇನೆ. ಕೋವಿಯ ವಿಷಯ ನೀನೇ ಬಂದು ಅವರ ಹತ್ತಿರ ಮಾತನಾಡು" ಎಂದ.

ಸೆಪ್ಟೆಂಬರಿನಲ್ಲಿ ಹೋದೆ. ಲಗೇಜಿನಲ್ಲಿ ಎರಡು ಕಂಚಿನ ಕುಂಚ, ಸರಿಯಾಗಿ ತಿದ್ದಿದ ಮೂರು ತಿರುಪುಳಿ. (ವಿಮಾನ ಹತ್ತುವ ಯುವಕರಿಗೊಂದು ಮಾತು: ಕೊಡಗಿನ ವಿನಾಯಿತಿ ಸಮುದ್ರ ದಾಟುವುದಿಲ್ಲ. ನೆನಪಿಗೆಂದು ಖಾಲಿ ತೋಟಾವನ್ನೂ ಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಅಜ್ಜನ ಕೋವಿ ತರುವುದಾದರೆ ಎರಡೂ ದೇಶಗಳ ಅನುಮತಿ ಮೊದಲು, ಪ್ರಯಾಣ ಆಮೇಲೆ.)

ಊರಿನಲ್ಲಿ ಬಡಗಿಯನ್ನು ಕರೆಸಿ ಹಲಸಿನ ಹಲಗೆಯ ಮೇಜೊಂದನ್ನು ಜಗಲಿಗೆ ಮಾಡಿಸಿದೆವು. ಅಪ್ಪಯ್ಯ ಐಮರದ ಮೇಲೆ ಕುಳಿತಂತೆಯೇ ಕೈಗೆ ಸಿಗುವ ಎತ್ತರಕ್ಕೆ. ತಮ್ಮನ ಕೋಣೆಯಲ್ಲಿ ಉಕ್ಕಿನ ಬೀರುವನ್ನು ಗೋಡೆಗೆ ಬಿಗಿಸಿದೆವು. ಯೋಜನೆ ಸರಳ: ನಳಿಗೆ ಆ ಬೀರುವಿನಲ್ಲಿ, ಹಿಡಿ ಬೇರೊಂದು ಕೋಣೆಯ ಬೀಗದೊಳಗೆ. ಅಪ್ಪಯ್ಯನಿಗೆ ಒಂದು ದಿನ ನಳಿಗೆ ಸಿಗುತ್ತದೆ, ಇನ್ನೊಂದು ದಿನ ಹಿಡಿ. ಎರಡೂ ಒಟ್ಟಿಗೆ ಎಂದಿಗೂ ಇಲ್ಲ. ಒರೆಸಲು ಎರಡಕ್ಕೂ ಕೆಲಸ ಬೇಕಾದಷ್ಟಿದೆ. ನಳಿಗೆಯ ತಳದಲ್ಲಿ ತುಕ್ಕಿನ ಕೆಳಗೆ ಕಿರೀಟದ ಸಣ್ಣ ಮುದ್ರೆಗಳು ಕಂಡವು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ನಡೆದುಬಂದಿರುವ ಕೋವಿ ಪರೀಕ್ಷಾಲಯದ ಗುರುತು. ನನ್ನ ಆಸ್ಪತ್ರೆಯಿಂದ ಎರಡು ಗಂಟೆಯ ದಾರಿಯಲ್ಲಿ ಹುಟ್ಟಿದ ವಸ್ತುವನ್ನು ಐವತ್ತು ವರ್ಷ ನೋಡಿಯೂ ನಾನು ಗುರುತಿಸಿರಲಿಲ್ಲ.

ಅಪ್ಪಯ್ಯನಿಗೆ ಹೇಳುವುದು ಮಾತ್ರ ಉಳಿದಿತ್ತು. ವೈದ್ಯನಾಗಿ ಹೇಳಲು ಎರಡು ಸಲ ಪ್ರಯತ್ನಿಸಿ ಸೋತೆ. "ನಿನ್ನ ದೇಶದಲ್ಲಿ ಹಾಗೇನೋ" ಎಂದು ಮುಖ ತಿರುಗಿಸಿದರು. ದಾರಿ ತೋರಿಸಿದವಳು ತಮ್ಮನ ಹೆಂಡತಿ. "ಕೈಲ್‌ಪೊಳ್ದ್ ಬರುತ್ತಿದೆಯಲ್ಲ ಭಾವ, ಅಂದು ಕೋವಿ ಕೊಡುವವರು ಅವರೇ ಅಲ್ಲವೇ?" ಎಂದಳು.

ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಆ ಹಬ್ಬ. ಕೋವಿ, ಕತ್ತಿಗಳನ್ನು ಶುಭ್ರಗೊಳಿಸಿ ದೀಪದ ಮುಂದೆ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಬೆಂಕಿಯ ನಾಲಗೆಯಂತಿರುವ ಆ ಹೂವಿನ ಬಳ್ಳಿಯ ಗೆಡ್ಡೆ ಘೋರ ವಿಷ, ಮಕ್ಕಳ ಕೈಗೆ ಕೊಡಬೇಡಿ. ಪೂಜೆಯಾದ ಮೇಲೆ ಮನೆಯ ಹಿರಿಯ ಕೋವಿಯನ್ನು ಕಿರಿಯರ ಕೈಗೆ ಒಪ್ಪಿಸಬೇಕು. ಪ್ರತಿ ವರ್ಷ ಒಪ್ಪಿಸಿ, ಸಂಜೆಗೆ ಅಪ್ಪಯ್ಯ ಮರಳಿ ಪಡೆಯುತ್ತಿದ್ದರು. ಈ ಸಲ ತಮ್ಮ ಎರಡೂ ಕೈ ಚಾಚಿ ನಿಂತ. ಅಪ್ಪಯ್ಯ ಕೋವಿಯನ್ನು ಮಡಚಿ ನಳಿಗೆಯೊಳಗೆ ನೋಡಿದರು, ಖಾಲಿಯೆಂದು ಖಚಿತಪಡಿಸಿಕೊಂಡರು, ಆಮೇಲೆ ಕೊಟ್ಟರು. ಕೊಟ್ಟ ಕೈಯನ್ನು ಕೆಲ ಹೊತ್ತು ಹಾಗೆಯೇ ಹಿಡಿದಿದ್ದರು.

"ಇನ್ನು ನಾನು ಇಟ್ಟುಕೊಳ್ಳಲೇ ಅಪ್ಪಯ್ಯ?" ಎಂದು ತಮ್ಮ ಕೇಳಿದ.

"ಕೊಟ್ಟ ಮೇಲೆ ನಿನ್ನದೇ. ತುಕ್ಕು ಹಿಡಿಸಬೇಡ" ಎಂದರು. ಅವರಿಗೆ ಎಷ್ಟು ಅರ್ಥವಾಗಿತ್ತೋ ನಾನು ಕೇಳಲಿಲ್ಲ. ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ ಚೆನ್ನಾಗಿ ಉಂಡರು. ಆ ರಾತ್ರಿ ಎರಡು ಸಲ ಎದ್ದು ಖಾಲಿ ಗೂಟದ ಮುಂದೆ ನಿಂತಿದ್ದನ್ನು ನಾನು ಹಾಸಿಗೆಯಿಂದ ನೋಡಿದೆ. ಮರುದಿನವೂ ನಿಂತರು. ನಾಲ್ಕನೆಯ ದಿನ ತಮ್ಮ ಆ ಗೂಟಕ್ಕೆ ಅವರ ಮಳೆಯ ಕೋಟನ್ನು ನೇತುಹಾಕಿದ.

ಈಗ ಭಾನುವಾರ ನನ್ನ ಬೆಳಿಗ್ಗೆ, ಅವರ ಮಧ್ಯಾಹ್ನ, ಎರಡು ಮೇಜುಗಳ ಮೇಲೂ ಫೋನುಗಳನ್ನು ನಿಲ್ಲಿಸಿ ನಾವಿಬ್ಬರೂ ಕೆಲಸ ಮಾಡುತ್ತೇವೆ. ಕೆಲವು ವಾರ ನನ್ನನ್ನು ಅವರು ತಮ್ಮನೆಂದು ಕರೆಯುತ್ತಾರೆ, ಕೆಲವು ವಾರ ಸುಮ್ಮನೆ ಒರೆಸುತ್ತಾರೆ. ಕಳೆದ ಭಾನುವಾರ ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ನನಗೆ ಕೇಳಿಸುವಂತೆ ದೂರಿದರು: "ಎಣ್ಣೆ ಬಹಳವಾಗಿದೆ. ಯಾರು ಹಾಕಿದ್ದು ಇದು?"